ಡಬ್ಬಿಯ ಮೇಲಿನ ಕಪ್ಪು ಪುಡಿ

ಆಪಾಳ ಮದುವೆಗೆ ಕೊಡಲು ತಂದಿದ್ದ ಸ್ಟೀಲ್ ಪಾತ್ರೆಗಳಿಗೆ ಹೆಸರು ಹಾಕಿಸಿಕೊಂಡು ಬಾ ಎಂದು ಅಮ್ಮಿ ನನ್ನನ್ನು ಪಾತ್ರೆ ಅಂಗಡಿಗೆ ಕಳಿಸಿದ್ದರು. ಮೊದಲೆಲ್ಲ ಅಂಗಡಿಯವರು ಪೆನ್ನಿನಂಥ ಒಂದು ಮೆಷಿನ್ ಹಿಡಿದು, ಟರ್ ಟರ್ ಎಂದು ಸದ್ದು ಮಾಡುತ್ತ, ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೊರೆಯುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಹೆಸರು ಟೈಪ್ ಮಾಡಿ, ಡಬ್ಬಿಯನ್ನು ಲೇಸರ್ ಮೆಷಿನ್ ಕೆಳಗಿಟ್ಟು ಬಟನ್ ಒತ್ತುತ್ತಾರೆ. ಒಂದು ಕೀಚಲು ಸದ್ದು, ಸಣ್ಣ ಬಿಳಿ ಕಿಡಿ, ಹತ್ತು ಸೆಕೆಂಡಿನಲ್ಲಿ ಹೆಸರು ರೆಡಿ. ಅಂಗಡಿಯವರು ಡಬ್ಬಿಯನ್ನು ಬಟ್ಟೆಯಿಂದ ಒರೆಸಿ ನನ್ನ ಕೈಗೆ ಕೊಟ್ಟರು. ಬಟ್ಟೆಯ ಮೇಲೆ ಕಾಡಿಗೆಯಂಥ ಕಪ್ಪು ಗೆರೆ ಉಳಿಯಿತು. ಡಬ್ಬಿ ಮಾತ್ರ ತಣ್ಣಗೇ ಇತ್ತು.

ಮಾರನೇ ದಿನ ಪ್ರಾಕ್ಟಿಕಲ್ ಮುಗಿದ ಮೇಲೆ ನಮ್ಮ ಭೌತಶಾಸ್ತ್ರದ ಮೇಡಂ ಹತ್ತಿರ ಎರಡು ಪ್ರಶ್ನೆ ಕೇಳಿದೆ. ಬೆಳ್ಳಗೆ ಹೊಳೆಯುವ ಸ್ಟೀಲಿನಿಂದ ಕಪ್ಪು ಪುಡಿ ಹೇಗೆ ಬಂತು? ಉಕ್ಕನ್ನೇ ಕೊರೆದ ಬಿಸಿ ನನ್ನ ಬೆರಳಿಗೆ ಯಾಕೆ ಗೊತ್ತಾಗಲಿಲ್ಲ? ಮೇಡಂ ಹೇಳಿದರು: "ಅದು ಲೋಹದ ಆಕ್ಸೈಡ್. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೋಳಗಳೂ ಇರಬಹುದು. ಇರಬಹುದು ಅಂದೆ, ಇದೆ ಅನ್ನಲಿಲ್ಲ. ನಾನು ನೋಡಿಲ್ಲ."

ಆ 'ಇರಬಹುದು' ನನ್ನನ್ನು ಎರಡು ತಿಂಗಳು ಬಿಡಲಿಲ್ಲ. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಅದನ್ನೇ ವಿಷಯವಾಗಿ ತೆಗೆದುಕೊಂಡೆ. ಓದಿ ತಿಳಿದದ್ದನ್ನೂ ಮಾಡಿ ನೋಡಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಮೆಷಿನ್. ಅದರ ಮೇಲೆ 20 ವಾಟ್ ಎಂದು ಬರೆದಿತ್ತು. ನಮ್ಮ ಮನೆಯ ಎಲ್‌ಇಡಿ ಟ್ಯೂಬ್‌ಲೈಟಿನದೂ ಅಷ್ಟೇ. ಅಷ್ಟರಲ್ಲಿ ಉಕ್ಕು ಕರಗುತ್ತದೆಯೇ? ಗುಟ್ಟು ಇರುವುದು ಸಮಯದಲ್ಲಿ. ಲೇಸರ್ ಬೆಳಕು ಇಲ್ಲಿ ಒಂದೇ ಸಮನೆ ಸುರಿಯುವುದಿಲ್ಲ, ಮಿಡಿತ ಮಿಡಿತವಾಗಿ ಬರುತ್ತದೆ. ಸೆಕೆಂಡಿಗೆ 20,000 ಮಿಡಿತ, ಒಂದೊಂದೂ ಸುಮಾರು 100 ನ್ಯಾನೊಸೆಕೆಂಡ್ ಎಂದು ಇಟ್ಟುಕೊಳ್ಳಿ. ಆಗ ಒಂದು ಮಿಡಿತದಲ್ಲಿ ಇರುವುದು ಒಂದು ಮಿಲಿಜೂಲ್ ಮಾತ್ರ. ಆದರೆ ಅದನ್ನು 100 ನ್ಯಾನೊಸೆಕೆಂಡಿನಿಂದ ಭಾಗಿಸಿ ನೋಡಿ, 10,000 ವಾಟ್ ಬರುತ್ತದೆ. ಹತ್ತು ಇಸ್ತ್ರಿ ಪೆಟ್ಟಿಗೆಗಳ ಶಕ್ತಿಯನ್ನು ತಲೆಗೂದಲಿಗಿಂತ ಸಣ್ಣ ಒಂದು ಚುಕ್ಕಿಯ ಮೇಲೆ ಒತ್ತಿದ ಹಾಗೆ.

100 ನ್ಯಾನೊಸೆಕೆಂಡ್ ಎಷ್ಟು ಚಿಕ್ಕದೆಂದರೆ, ಅಷ್ಟು ಹೊತ್ತಿನಲ್ಲಿ ಬೆಳಕೇ ಹೋಗುವುದು 30 ಮೀಟರ್. ನಮ್ಮ ಕಾಲೇಜಿನ ಗೇಟಿನಿಂದ ಮೆಟ್ಟಿಲ ತನಕ. ಉಕ್ಕಿನೊಳಗೆ ಬಿಸಿ ಅಷ್ಟರಲ್ಲಿ ಒಂದು ಮೈಕ್ರೋಮೀಟರಿನಷ್ಟೂ ಇಳಿದಿರುವುದಿಲ್ಲ. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಮೇಲಿನ ಪದರ ಸಾವಿರಾರು ಡಿಗ್ರಿಗೆ ಏರಿ ಹಾರಿಹೋದರೂ ಕೆಳಗಿನ ಡಬ್ಬಿಗೆ ಸುದ್ದಿ ಮುಟ್ಟುವುದರೊಳಗೆ ಮಿಡಿತ ಮುಗಿದಿರುತ್ತದೆ. ನನ್ನ ಬೆರಳಿಗೆ ಬಿಸಿ ಗೊತ್ತಾಗದಿದ್ದುದು ಇದಕ್ಕೇ. ಹೀಗೆ ಘನವಸ್ತುವಿನ ಮೈಯನ್ನು ಪದರ ಪದರವಾಗಿ ಬೆಳಕಿನಿಂದ ಕಿತ್ತು ಹಾರಿಸುವುದಕ್ಕೆ ಲೇಸರ್ ಅಬ್ಲೇಷನ್ ಎಂದು ಹೆಸರು.

ಹಾರಿದ್ದು ಎರಡು ರೂಪದಲ್ಲಿ ಹಾರುತ್ತದೆ. ಒಂದಿಷ್ಟು ಆವಿಯಾಗಿ, ಇನ್ನೂ ಬಿಸಿಯಾಗಿ ಪ್ಲಾಸ್ಮಾ ಆಗುತ್ತದೆ. ಆ ಬಿಳಿ ಕಿಡಿ ಅದೇ. ಈ ಆವಿ ತಣ್ಣಗಾಗುತ್ತ ಗಾಳಿಯ ಆಕ್ಸಿಜನ್ ಜೊತೆ ಸೇರಿ, ಮಂಜಿನ ಹಾಗೆ ಕಟ್ಟಿ, ಮೈಕ್ರೋಮೀಟರಿನ ನೂರನೇ ಒಂದು ಭಾಗದಷ್ಟು ಸಣ್ಣ ಕಣಗಳಾಗುತ್ತದೆ. ಕಪ್ಪು ಮಸಿಯಲ್ಲಿ ಬಹುಪಾಲು ಇಂಥದ್ದೇ. ಎರಡನೆಯದು ಎರಚಿದ ಹನಿ. ಮೇಲೇಳುವ ಆವಿ ತನ್ನ ಕೆಳಗಿನ ಕರಗಿದ ಲೋಹವನ್ನು ಹಿಂದಕ್ಕೆ ಒತ್ತುತ್ತದೆ. ಮಳೆಗಾಲದಲ್ಲಿ ಹಳೇ ಮದ್ರಾಸ್ ರಸ್ತೆಯ ಹೊಂಡದ ಮೇಲೆ ಬಸ್ಸಿನ ಚಕ್ರ ಹತ್ತಿದಾಗ ನಮ್ಮ ಯೂನಿಫಾರಂಗೆ ಏನಾಗುತ್ತದೋ ಅದೇ ಅಲ್ಲೂ ಆಗುತ್ತದೆ. ಕರಗಿದ ಲೋಹ ಪಕ್ಕಕ್ಕೆ ಚಿಮ್ಮುತ್ತದೆ. ಚಿಮ್ಮಿದ ಹನಿ ಹಾರುವಾಗಲೇ ಆಕ್ಸೈಡ್ ಆಗುತ್ತ ಹೆಪ್ಪುಗಟ್ಟುತ್ತದೆ. ನಮ್ಮ ಗೋಳಗಳು ಹುಟ್ಟುವುದು ಇಲ್ಲಿ.

ಗುಂಡಗೆ ಯಾಕೆ? ಇದಕ್ಕೆ ಉತ್ತರ ಪ್ರಥಮ ಪಿಯುಸಿಯ ಸರ್ಫೇಸ್ ಟೆನ್ಷನ್ ಪಾಠದಲ್ಲೇ ಇದೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದ ಸೂತ್ರ: ಹನಿಯ ಒಳಗಿನ ಹೆಚ್ಚುವರಿ ಒತ್ತಡ ಎಂದರೆ ಎಳೆತದ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಿದ್ದು. ಒಂದು ಮಿಲಿಮೀಟರ್ ತ್ರಿಜ್ಯದ ನೀರಿನ ಹನಿಯಲ್ಲಿ ಇದು ಸುಮಾರು 144 ಪಾಸ್ಕಲ್. ಏನೂ ಅಲ್ಲ. ಈಗ ಕರಗಿದ ಅಲ್ಯುಮಿನಿಯಂ ಆಕ್ಸೈಡ್ ತೆಗೆದುಕೊಳ್ಳಿ. ಅದರ ಮೇಲ್ಮೈ ಎಳೆತ ಮೀಟರಿಗೆ ಸುಮಾರು 0.6 ನ್ಯೂಟನ್, ನೀರಿಗಿಂತ ಎಂಟು ಪಟ್ಟು. ತ್ರಿಜ್ಯ ಅರ್ಧ ಮೈಕ್ರೋಮೀಟರ್. ಭಾಗಿಸಿದರೆ 24 ಲಕ್ಷ ಪಾಸ್ಕಲ್, ಅಂದರೆ 24 ವಾಯುಮಂಡಲದಷ್ಟು ಒತ್ತಡ! ನಾನು ಸೊನ್ನೆ ತಪ್ಪಾಗಿರಬೇಕು ಎಂದು ಮೂರು ಸಲ ಲೆಕ್ಕ ಮಾಡಿದೆ. ತಪ್ಪಿರಲಿಲ್ಲ. ಇಷ್ಟು ಬಿಗಿಯಾಗಿ ಎಲ್ಲ ಕಡೆಯಿಂದ ಹಿಂಡುವಾಗ ಹನಿ ಬೇರೆ ಆಕಾರದಲ್ಲಿ ಇರಲಾರದು. ಅಂಥ ಹನಿ ಗುಂಡಾಗಲು ಬೇಕಾದ ಸಮಯ ಹತ್ತಾರು ನ್ಯಾನೊಸೆಕೆಂಡ್. ನೀರಿನಲ್ಲಿ ಬಿದ್ದರೂ ಅದು ಗಟ್ಟಿಯಾಗಲು ಒಂದೆರಡು ಮೈಕ್ರೋಸೆಕೆಂಡ್ ಬೇಕು. ಗುಂಡಾಗುವ ಕೆಲಸ ಯಾವಾಗಲೂ ಮೊದಲು ಮುಗಿದಿರುತ್ತದೆ.

ನಮ್ಮ ಬೆಂಗಳೂರಿನಲ್ಲಿ ಲೇಸರ್ ಅಬ್ಲೇಷನ್ ಹಳೆಯ ವಿದ್ಯೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಕಡೆ, ಎಂ.ಎಸ್. ಹೆಗ್ಡೆ ಮತ್ತು ಸಂಗಡಿಗರು 1993ರಲ್ಲೇ ಲ್ಯಾಂಥನಮ್ ನಿಕಲ್ ಆಕ್ಸೈಡಿನ ತೆಳುಪದರವನ್ನು ಈ ವಿಧಾನದಿಂದ ಬೆಳೆಸಿ ಪ್ರಕಟಿಸಿದ್ದರು. ಆಕ್ಸೈಡ್ ಆದರೂ ಲೋಹದಂತೆ ವಿದ್ಯುತ್ ಹರಿಸುವ ವಸ್ತು ಅದು. ಅಲ್ಲೇ ಎಸ್.ಬಿ. ಕೃಪಾನಿಧಿಯವರ ಗುಂಪು ಫೆರೋಎಲೆಕ್ಟ್ರಿಕ್ ಆಕ್ಸೈಡ್‌ಗಳ ತೆಳುಪದರಗಳನ್ನು ಲೇಸರ್ ಅಬ್ಲೇಷನ್‌ನಿಂದ ಮಾಡಿತು. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ರೆಜಿ ಫಿಲಿಪ್ ಅವರು ಲೇಸರ್ ಹೊಡೆತದಿಂದ ಏಳುವ ಪ್ಲಾಸ್ಮಾವನ್ನೇ ಅಧ್ಯಯನ ಮಾಡಿದ್ದಾರೆ.

ಇಲ್ಲೊಂದು ತಮಾಷೆ ಇದೆ. ತೆಳುಪದರ ಬೆಳೆಸುವವರಿಗೆ ಬೇಕಾದದ್ದು ಆವಿ ಮಾತ್ರ. ಅದು ಎದುರಿನ ತಟ್ಟೆಯ ಮೇಲೆ ಅಣು ಅಣುವಾಗಿ ಕೂತು ನಯವಾದ ಪದರವಾಗಬೇಕು. ಚಿಮ್ಮಿದ ಹನಿಗಳು ಅವರಿಗೆ ಪೀಡೆ. ಆಗತಾನೇ ಪೇಂಟ್ ಹೊಡೆದ ಬಾಗಿಲಿಗೆ ರಸ್ತೆಯ ಮರಳು ಬಂದು ಅಂಟಿದ ಹಾಗೆ. ಹನಿ ಕಡಿಮೆ ಮಾಡಲು ಗುರಿಯನ್ನು ತಿರುಗಿಸುತ್ತಾರೆ, ಅದನ್ನು ಒತ್ತಿ ಗಟ್ಟಿಯಾಗಿ ಮಾಡುತ್ತಾರೆ, ಬೆಳಕಿನ ತೀವ್ರತೆ ಇಳಿಸುತ್ತಾರೆ. ಅದೇ ಹನಿಗಳನ್ನೇ ಬೇಕೆಂದು ಮಾಡುವವರು ಬೇರೆ ಇದ್ದಾರೆ. ಜಪಾನಿನ ನಾವೊತೊ ಕೊಶಿಜಾಕಿಯವರ ಗುಂಪು 2010ರಲ್ಲಿ ತೋರಿಸಿದ ದಾರಿ ನನಗೆ ತುಂಬ ಇಷ್ಟವಾಯಿತು. ಅವರು ಗುರಿಯನ್ನು ಹೊಡೆಯುವುದೇ ಇಲ್ಲ. ಆಕ್ಸೈಡಿನ ನುಣುಪು ಪುಡಿಯನ್ನು ದ್ರವದಲ್ಲಿ ಕಲಸಿ, ಲೆನ್ಸಿನಿಂದ ಬಿಗಿಯಾಗಿ ಕೇಂದ್ರೀಕರಿಸದ ಲೇಸರ್ ಬೆಳಕನ್ನು ಅದರೊಳಗೆ ಬಿಡುತ್ತಾರೆ. ಬೆಳಕಿಗೆ ಸಿಕ್ಕ ಕಣಗಳ ಗುಂಪು ಹಾರಿಹೋಗದೆ ಬರೀ ಕರಗುತ್ತದೆ, ಕೂಡಿಕೊಳ್ಳುತ್ತದೆ, ಗುಂಡಾಗುತ್ತದೆ, ಸುತ್ತಲಿನ ತಣ್ಣನೆಯ ದ್ರವದಲ್ಲಿ ಹೆಪ್ಪುಗಟ್ಟುತ್ತದೆ. ಹೀಗೆ ಮತ್ತೆ ಮತ್ತೆ. ಸಿಗುವ ಗೋಳಗಳು ಸಾಮಾನ್ಯವಾಗಿ ಒಂದು ಮೈಕ್ರೋಮೀಟರಿಗಿಂತ ಚಿಕ್ಕವು.

ಅವು ಬೆಳೆಯುತ್ತ ಹೋಗುವುದಿಲ್ಲ ಯಾಕೆ? ಗೋಳ ಹೀರುವ ಬೆಳಕು ಅದರ ಅಡ್ಡಕೊಯ್ತದ ಮೇಲೆ, ಅಂದರೆ ತ್ರಿಜ್ಯದ ವರ್ಗದ ಮೇಲೆ ನಿಂತಿದೆ. ಕರಗಿಸಬೇಕಾದ ವಸ್ತು ತ್ರಿಜ್ಯದ ಘನದ ಮೇಲೆ ನಿಂತಿದೆ. ಗೋಳ ಎರಡು ಪಟ್ಟು ದಪ್ಪವಾದರೆ ನಾಲ್ಕು ಪಟ್ಟು ಬೆಳಕು ಸಿಗುತ್ತದೆ, ಆದರೆ ಎಂಟು ಪಟ್ಟು ಹೊಟ್ಟೆ ತುಂಬಿಸಬೇಕು. ಒಂದು ಹಂತ ದಾಟಿದ ಮೇಲೆ ಆ ಮಿಡಿತದಿಂದ ಅದು ಪೂರ್ತಿ ಕರಗುವುದೇ ಇಲ್ಲ. ಬೆಳಕಿನ ತೀವ್ರತೆ ಬದಲಿಸಿದರೆ ಈ ಮಿತಿ ಬದಲಾಗುತ್ತದೆ. ಅಂದರೆ ಜರಡಿ ಹಿಡಿಯದೆ ಗಾತ್ರವನ್ನು ಹಿಡಿತದಲ್ಲಿ ಇಟ್ಟುಕೊಳ್ಳಬಹುದು.

ಬೆಳಕಿನ ಬಣ್ಣವೂ ಮುಖ್ಯ. ಸತುವಿನ ಆಕ್ಸೈಡ್, ಅಂದರೆ ಕ್ಯಾಲಮೈನ್ ಲೋಷನ್ನಿನಲ್ಲಿ ಇರುವ ಬಿಳಿ ಪುಡಿ, ಬಿಳಿಯಾಗಿರುವುದೇ ಅದು ಕಾಣುವ ಬೆಳಕನ್ನು ಹೀರದ ಕಾರಣಕ್ಕೆ. ಅದರ ಬ್ಯಾಂಡ್ ಗ್ಯಾಪ್ ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್. 532 ನ್ಯಾನೊಮೀಟರಿನ ಹಸಿರು ಲೇಸರಿನ ಫೋಟಾನಿಗೆ ಇರುವುದು 2.33, ಸಾಲದು. 355 ನ್ಯಾನೊಮೀಟರಿನ ನೇರಳಾತೀತ ಫೋಟಾನಿಗೆ 3.49 ಇದೆ, ಸಾಕು. ದ್ವಿತೀಯ ಪಿಯುಸಿಯವರು 1240ನ್ನು ತರಂಗದೂರದಿಂದ ಭಾಗಿಸಿ ನೀವೇ ನೋಡಿಕೊಳ್ಳಿ.

ಈ ಸತುವಿನ ಆಕ್ಸೈಡ್ ಗೋಳಗಳನ್ನು ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದವರು ಲೇಸರ್ ಅಬ್ಲೇಷನ್‌ನಿಂದಲೇ ಮಾಡಿ, 2012ರಲ್ಲಿ ಒಂದೊಂದು ಗೋಳವೂ ತಾನೇ ಪುಟ್ಟ ನೇರಳಾತೀತ ಲೇಸರ್ ಆಗುವುದನ್ನು ತೋರಿಸಿದರು. ಇದು ಅರ್ಥವಾಗಲು ವಿಜಯಪುರಕ್ಕೆ ಹೋಗಬೇಕು. ಮೊಹಮ್ಮದ್ ಆದಿಲ್ ಷಾನ ಗೋಲಗುಂಬಜಿನ ಒಳಗೆ, ಸುಮಾರು 38 ಮೀಟರ್ ಅಗಲದ ಗುಮ್ಮಟದ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯವರಿಗೆ ಕೇಳುತ್ತದೆ. ಸದ್ದು ಬಾಗಿದ ಗೋಡೆಯನ್ನು ತಬ್ಬಿಕೊಂಡು ಸುತ್ತುತ್ತದೆ. ಸಿ.ವಿ. ರಾಮನ್ 1921ರಲ್ಲಿ ಲಂಡನ್ನಿಗೆ ಹೋದಾಗ ಸೇಂಟ್ ಪಾಲ್ ಚರ್ಚಿನ ಗುಮ್ಮಟದಲ್ಲಿ ಈ ಪಿಸುಮಾತಿನ ಮೇಲೆ ಪ್ರಯೋಗ ಮಾಡಿದ್ದರು. ಆಕ್ಸೈಡ್ ಗೋಳದ ಒಳಗೆ ಸದ್ದಿನ ಜಾಗದಲ್ಲಿ ಬೆಳಕು ಒಳಮೈಗೆ ಅಂಟಿಕೊಂಡು ಸುತ್ತುತ್ತದೆ, ಪ್ರತಿ ಸುತ್ತಿನಲ್ಲೂ ಬಲಗೊಳ್ಳುತ್ತದೆ. ಗೋಳದ ಮೈ ಒರಟಾಗಿದ್ದರೆ ಬೆಳಕು ಹೊರಗೆ ಚೆಲ್ಲಿಹೋಗುತ್ತದೆ. ಕರಗಿ ತಾನಾಗಿಯೇ ಗುಂಡಾದದ್ದರ ಬೆಲೆ ಅಲ್ಲಿ ಗೊತ್ತಾಗುವುದು. ಉಜ್ಜಿ ಪಾಲಿಶ್ ಮಾಡಿ ಅಷ್ಟು ಸಣ್ಣ ಗೋಳವನ್ನು ಯಾರು ಮಾಡಿಯಾರು?

ಆಕ್ಸೈಡ್ ಪುಡಿ ಮಾಡಲು ಲೇಸರೇ ಬೇಕೆಂದಿಲ್ಲ. ವಿಜ್ಞಾನ ಸಂಸ್ಥೆಯಲ್ಲೇ ಕೆ.ಸಿ. ಪಾಟೀಲರು ಕಿಂಗ್ಸ್‌ಲಿ ಎಂಬ ಸಂಶೋಧಕರ ಜೊತೆ 1988ರಲ್ಲಿ ಪ್ರಕಟಿಸಿದ ವಿಧಾನ ಪ್ರಪಂಚದ ತುಂಬ ಬಳಕೆಗೆ ಬಂದಿದೆ: ಅಲ್ಯುಮಿನಿಯಂ ನೈಟ್ರೇಟನ್ನು ಯೂರಿಯಾ ಜೊತೆ ನೀರಿನಲ್ಲಿ ಕಲಸಿ 500 ಡಿಗ್ರಿಯ ಒಲೆಯಲ್ಲಿಟ್ಟರೆ ಅದು ತಾನೇ ಹೊತ್ತಿ ಉರಿದು ಐದು ನಿಮಿಷದೊಳಗೆ ಆಕ್ಸೈಡ್ ಆಗುತ್ತದೆ. ನಾವು ಗದ್ದೆಗೆ ಹಾಕುವ ಅದೇ ಯೂರಿಯಾ. ಆದರೆ ಅಲ್ಲಿ ಗ್ಯಾಸ್ ಭರ್ರೆಂದು ಹೊರಡುವುದರಿಂದ ಸಿಗುವುದು ಕಡ್ಲೆಪುರಿಯ ಹಾಗೆ ಉಬ್ಬಿದ ಹಗುರ ಪುಡಿ, ಗೋಳವಲ್ಲ. ಗೋಳ ಬೇಕಾದರೆ ವಸ್ತು ಒಂದು ಕ್ಷಣವಾದರೂ ದ್ರವವಾಗಿ, ಯಾರ ಆಸರೆಯೂ ಇಲ್ಲದೆ ಇರಬೇಕು.

ಆ ಕ್ಷಣ ಮರ್ಫಿ ಟೌನಿನಲ್ಲಿ ದಿನಾ ನಡೆಯುತ್ತದೆ ಎಂದು ಹೊಳೆದದ್ದು ಚಾಚಾ ಅವರ ಗ್ರಿಲ್ ಅಂಗಡಿಯಲ್ಲಿ. ಗ್ರೈಂಡರಿಗೆ ಕಬ್ಬಿಣದ ಪೈಪ್ ಒತ್ತಿದಾಗ ಹಾರುವ ಕಿಡಿ ಏನು? ಕಿತ್ತುಬಂದ ಕಬ್ಬಿಣದ ಚೂರು ಗಾಳಿಯಲ್ಲಿ ಉರಿಯುತ್ತ, ತನ್ನದೇ ಉರಿಯಿಂದ ಕರಗಿ, ಹಾರುತ್ತಲೇ ಆಕ್ಸೈಡಾಗಿ ಗಟ್ಟಿಯಾಗುವುದು. ಲೇಸರ್ ಇಲ್ಲ, ಆದರೆ ಗೋಳದ ಕಥೆ ಅದೇ. ಹಳೇ ಸ್ಪೀಕರಿನ ಮ್ಯಾಗ್ನೆಟ್ಟಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಗ್ರೈಂಡರ್ ಕೆಳಗಿನ ಧೂಳಿನ ಮೇಲೆ ಆಡಿಸಿದೆ. ಕವರನ್ನು ಒಳಗೆ ಹೊರಗೆ ಮಾಡಿ ತೆಗೆದರೆ ಪುಡಿ ಕವರಿನಲ್ಲೇ ಉಳಿಯುತ್ತದೆ.

ಜೀವಶಾಸ್ತ್ರ ಲ್ಯಾಬಿನ ಮೈಕ್ರೋಸ್ಕೋಪಿನಲ್ಲಿ ಇಟ್ಟಾಗ ಮೊದಲು ಬರೀ ಕಪ್ಪು ನೆರಳು ಕಂಡಿತು. ಕೆಳಗಿನಿಂದ ಬರುವ ಬೆಳಕು ಈರುಳ್ಳಿ ಸಿಪ್ಪೆಗೆ ಸರಿ, ಕಬ್ಬಿಣಕ್ಕಲ್ಲ. ಲ್ಯಾಬ್ ಅಟೆಂಡರ್ ಅಂಕಲ್ ಪಕ್ಕದಿಂದ ಮೊಬೈಲ್ ಟಾರ್ಚ್ ಹಿಡಿದರು. ಆಗ ಕಂಡದ್ದನ್ನು ನಾನು ಮರೆಯುವುದಿಲ್ಲ. ಸುರುಳಿ ಸುರುಳಿ ಚೂರುಗಳ ನಡುವೆ ಕರಿಮಣಿಯಂಥ ಹೊಳೆಯುವ ಗುಂಡುಗಳು! ಕೆಲವು ಒಡೆದಿದ್ದವು, ಒಳಗೆ ಟೊಳ್ಳು. ಪಕ್ಕದಲ್ಲಿ ನನ್ನ ಒಂದು ಕೂದಲಿಟ್ಟು ಹೋಲಿಸಿದೆ. ದೊಡ್ಡವು ಕೂದಲಿನ ದಪ್ಪ, ಹೆಚ್ಚಿನವು ಅದರ ಅರ್ಧ. ಇಂಥವೇ ಆಕಾಶದಿಂದಲೂ ಬೀಳುತ್ತವೆ ಎಂದು ಆಮೇಲೆ ಓದಿದೆ. ಉಲ್ಕೆಗಳು ಗಾಳಿಗೆ ಉಜ್ಜಿ ಕರಗಿದಾಗ ಆದ ಗೋಳಗಳನ್ನು 1872ರಿಂದ 1876ರವರೆಗೆ ಸಮುದ್ರ ಸುತ್ತಿದ ಚಾಲೆಂಜರ್ ಹಡಗಿನವರು ತಳದ ಕೆಸರಿನಲ್ಲಿ ಕಂಡಿದ್ದರು.

ನನ್ನ ತಪ್ಪು ನಡೆದದ್ದು ಇದಾದ ಮೇಲೆ. ಪಾತ್ರೆ ಅಂಗಡಿಯವರಿಂದ ಕಪ್ಪು ಬಟ್ಟೆಯ ತುಂಡೊಂದನ್ನು ಕೇಳಿ ತಂದು, ನೀರಿನಲ್ಲಿ ಅದ್ದಿ, ಒಂದು ಹನಿಯನ್ನು ಸ್ಲೈಡಿನ ಮೇಲಿಟ್ಟು 400 ಪಟ್ಟಿನಲ್ಲಿ ನೋಡಿದೆ. ಕಪ್ಪು ಚುಕ್ಕಿಗಳು ನೀರಿನಲ್ಲಿ ನಡುಗುತ್ತಿದ್ದವು. ಎಲ್ಲವೂ ಗುಂಡಗೆ! ಚಾರ್ಟಿನಲ್ಲಿ ಸಾಲಾಗಿ ವೃತ್ತ ಬರೆದು 'ನಾವು ಕಂಡ ಲೇಸರ್ ಸೂಕ್ಷ್ಮಗೋಳಗಳು' ಎಂದು ಕೆಂಪು ಸ್ಕೆಚ್‌ಪೆನ್ನಿನಲ್ಲಿ ಹೆಸರಿಟ್ಟೆ. ಪ್ರದರ್ಶನಕ್ಕೆ ಎರಡು ದಿನ ಇತ್ತು. ಮೇಡಂ ಚಾರ್ಟ್ ನೋಡಿ ಬೈಯಲಿಲ್ಲ. "ಸೀಮೆಸುಣ್ಣ ಅರೆದು ಹೀಗೇ ಒಂದು ಸ್ಲೈಡ್ ಮಾಡು" ಎಂದರು, ಅಷ್ಟೆ.

ಮಾಡಿದೆ. ಸೀಮೆಸುಣ್ಣದ ದೊಡ್ಡ ಚೂರುಗಳು ಸೊಟ್ಟ ಪಟ್ಟ. ಆದರೆ ತೀರ ಸಣ್ಣ ಚುಕ್ಕಿಗಳು? ಎಲ್ಲವೂ ಗುಂಡಗೆ. ಸೀಮೆಸುಣ್ಣವನ್ನು ಯಾರೂ ಕರಗಿಸಿಲ್ಲ.

"ರಾತ್ರಿ ಹಲಸೂರು ಕೆರೆ ಆಚೆ ದಡದ ದೀಪ ನೋಡಿದ್ದೀಯಾ? ಅಲ್ಲಿರೋದು ಟ್ಯೂಬ್‌ಲೈಟ್ ಆದ್ರೂ ಚುಕ್ಕಿ ಥರಾನೇ ಕಾಣುತ್ತೆ" ಎಂದರು ಮೇಡಂ. ಬೆಳಕು ಅಲೆಯಾದ್ದರಿಂದ, ನಮ್ಮ ಮೈಕ್ರೋಸ್ಕೋಪ್ ಸುಮಾರು ಅರ್ಧ ಮೈಕ್ರೋಮೀಟರಿಗಿಂತ ಸಣ್ಣ ವಿವರವನ್ನು ಬಿಡಿಸಿ ತೋರಿಸಲಾರದು. ಆ ಮಿತಿಯ ಹತ್ತಿರ ಬಂದ ಯಾವ ಕಣವಾದರೂ ಗುಂಡು ಮಚ್ಚೆಯಾಗಿಯೇ ಕಾಣುತ್ತದೆ. ನಾನು ಬರೆದ ವೃತ್ತಗಳು ಕಣದ ಆಕಾರವಲ್ಲ, ಮೈಕ್ರೋಸ್ಕೋಪಿನ ಮಿತಿಯ ಆಕಾರ. ನಿಜವಾಗಿ ನೋಡಬೇಕಾದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಅಂಥದ್ದು ಪಿಯು ಕಾಲೇಜಿನಲ್ಲಿ ಇರುವುದಿಲ್ಲ. ಒಂದು ದಿನವೆಲ್ಲ ನನಗೆ ಬೇಜಾರಾಗಿತ್ತು, ಸುಳ್ಳೇಕೆ. ಯಾರಿಗೂ ಗೊತ್ತಾಗದೆ ಇರುತ್ತಿದ್ದ ತಪ್ಪು ಅದು. ಬಹುಮಾನವೂ ಬರುತ್ತಿತ್ತೇನೋ.

ನಿಮ್ಮಲ್ಲಿ ಯಾರಾದರೂ ಇದನ್ನು ಮಾಡಲು ಹೊರಟರೆ ಕಣ್ಣಿನ ಮಾತು ಒಂದನ್ನು ಕೇಳಿ. ಚಾಚಾ ಒಮ್ಮೆ ಕನ್ನಡಕ ಹಾಕದೆ ಗ್ರೈಂಡರ್ ಹಿಡಿದಿದ್ದಾಗ ಒಂದು ಕಿಡಿ ಕಣ್ಣಿಗೆ ಹೊಕ್ಕಿತು. ಡಾಕ್ಟರು ಚೂರನ್ನು ತೆಗೆದರೂ ಅದರ ಸುತ್ತ ಕಾರ್ನಿಯಾದಲ್ಲಿ ತುಕ್ಕಿನ ಉಂಗುರ ಉಳಿದಿತ್ತು. ಅದನ್ನು ಬೇರೆಯಾಗಿ ಕೆರೆದು ತೆಗೆಯಬೇಕಾಯಿತು. ತುಕ್ಕೂ ಕಬ್ಬಿಣದ ಆಕ್ಸೈಡೇ. ಈಗ ನಾನು ಅಂಗಡಿಗೆ ಕಾಲಿಟ್ಟರೆ ಚಾಚಾ ಮೊದಲು ಹೇಳುವುದೇ "ಬೇಟಾ, ಚಷ್ಮಾ" ಎಂದು. ಲೇಸರ್ ಇನ್ನೂ ಕಪಟಿ. ಹೆಸರು ಹಾಕುವ ಫೈಬರ್ ಲೇಸರಿನ ಬೆಳಕು 1064 ನ್ಯಾನೊಮೀಟರ್ ತರಂಗದೂರದ್ದು, ಕಣ್ಣಿಗೆ ಕಾಣುವುದಿಲ್ಲ. ಕಾಣದ್ದರಿಂದ ರೆಪ್ಪೆ ಮುಚ್ಚುವುದಿಲ್ಲ. ಆದರೆ ಕಣ್ಣಿನ ಲೆನ್ಸ್ ಅದನ್ನು ಒಳಗೆ ಬಿಟ್ಟು ರೆಟಿನಾದ ಮೇಲೆ ಚುಕ್ಕಿಯಾಗಿ ಕೂಡಿಸುತ್ತದೆ. ರೆಟಿನಾಕ್ಕೆ ನೋವು ಗೊತ್ತಾಗುವುದಿಲ್ಲ. ಹೊಳೆಯುವ ಸ್ಟೀಲಿನಿಂದ ಪ್ರತಿಫಲಿಸಿದ ಬೆಳಕೂ ಸಾಕು. ನಮಗೆ ಕಾಣುವ ಬಿಳಿ ಕಿಡಿ ಲೇಸರ್ ಅಲ್ಲ, ಪ್ಲಾಸ್ಮಾ. ಅದನ್ನು ನೋಡಲೆಂದು ನಾನು ಆ ದಿನ ಬಗ್ಗಿ ಮುಖ ಹತ್ತಿರ ತಂದಿದ್ದೆ ಎಂದು ನೆನೆದರೆ ಈಗ ಎದೆ ಝಲ್ಲೆನ್ನುತ್ತದೆ. ಮೆಷಿನ್ ಸುತ್ತ ಆ ತರಂಗದೂರಕ್ಕೆಂದೇ ಮಾಡಿದ ಬಣ್ಣದ ಅಡ್ಡಫಲಕ ಇರಬೇಕು, ನಡೆಸುವವರಿಗೆ ಅದಕ್ಕೆ ತಕ್ಕ ಕನ್ನಡಕ ಇರಬೇಕು. ಬಿಸಿಲಿನ ಕೂಲಿಂಗ್ ಗ್ಲಾಸ್ ಲೆಕ್ಕಕ್ಕಿಲ್ಲ. ಆ ಕಪ್ಪು ಪುಡಿಯನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ, ನಿಕಲ್ ಎರಡೂ ಇರುತ್ತವೆ, ಅದು ಶ್ವಾಸಕೋಶಕ್ಕೆ ಹೋಗುವ ಪದಾರ್ಥವಲ್ಲ.

ಪ್ರದರ್ಶನದ ದಿನ ನನ್ನ ಮೇಜಿನ ಮೇಲೆ ಮೂರು ಸ್ಲೈಡ್ ಇದ್ದವು. ಒಂದರ ಚೀಟಿಯಲ್ಲಿ 'ಗ್ರೈಂಡರ್ ಕಿಡಿ, ಕಬ್ಬಿಣದ ಆಕ್ಸೈಡ್ ಗೋಳ' ಎಂದಿತ್ತು. ಇನ್ನೊಂದರಲ್ಲಿ 'ಸೀಮೆಸುಣ್ಣ'. ಮೂರನೆಯದರಲ್ಲಿ 'ಲೇಸರ್ ಪುಡಿ, ಆಕಾರ ಕಂಡಿಲ್ಲ'. ಪ್ರಥಮ ವರ್ಷದ ಹುಡುಗನೊಬ್ಬ ಮೂರನ್ನೂ ನೋಡಿ, "ಕಾಣದೇ ಇರೋದನ್ನ ಯಾಕೆ ಇಟ್ಟಿದ್ದೀರಾ?" ಎಂದು ಕೇಳಿದ. ಅವನನ್ನು ಕೂರಿಸಿಕೊಂಡು ಎರಡನೆಯ ಸ್ಲೈಡಿನಿಂದ ಶುರು ಮಾಡಿದೆ. ಸ್ಲೈಡುಗಳು ಈಗಲೂ ಜೀವಶಾಸ್ತ್ರ ಲ್ಯಾಬಿನ ಕಿಟಕಿ ಪಕ್ಕದ ಡ್ರಾಯರಿನಲ್ಲಿವೆ. ಟಾರ್ಚ್ ನೀವೇ ತರಬೇಕು.